ಅಲ್ಲಾಡಬೇಡ, ಇನ್ನೊಂದಿದೆ

ಜೂನ್ 4

ಅಂಚೆ ರಹಸ್ಯ ಮಂಡಳಿಯವರಿಗೆ,

ನಾನು ನಿಮ್ಮ ಚಂದಾದಾರಳು. ಆದರೆ ಅದು ನನ್ನ ಕೈಯಾರೆ ಆದದ್ದಲ್ಲ. ನನ್ನ ತಮ್ಮನ ಮಗಳು ಹುಟ್ಟುಹಬ್ಬದ ಉಡುಗೊರೆಯೆಂದು ನನ್ನ ಹೆಸರಿನಲ್ಲಿ ಆರು ತಿಂಗಳ ಚಂದಾ ಕಟ್ಟಿಬಿಟ್ಟಿದ್ದಾಳೆ. “ಅತ್ತೆ, ತಿಂಗಳಿಗೊಂದು ಪೆಟ್ಟಿಗೆ ಬರುತ್ತೆ. ಅದರಲ್ಲಿ ರಾಣಿ ಕಾಲದ್ದೊಂದು ಆಟಿಕೆ, ಜೊತೆಗೊಂದು ಕೊಲೆ ಕತೆ. ಆಟಿಕೆ ಕೂಡಿಡಿ, ಕೊಲೆಗಾರನ್ನ ಹಿಡೀರಿ. ಅಷ್ಟು ದಿನ ನಗರಸಭೆಯವರು ಉಸಿರಾಡಲಿ ಪಾಪ,” ಎಂದಳು. ನಾನು ನಗರಸಭೆಗೆ ಬರೆಯುವ ದೂರುಗಳ ಮೇಲೆ ಆ ಹುಡುಗಿಗೆ ಮೊದಲಿನಿಂದಲೂ ಕಣ್ಣು.

ಮೊದಲ ಪೆಟ್ಟಿಗೆಯ ಬಗ್ಗೆ ನನ್ನ ತಕರಾರಿಲ್ಲ. ದಾರ ಹೊಸೆದರೆ ಗಿರ್ರನೆ ತಿರುಗುವ ರಟ್ಟಿನ ಬಿಲ್ಲೆ. ಒಂದು ಮುಖದಲ್ಲಿ ಹಕ್ಕಿ, ಇನ್ನೊಂದರಲ್ಲಿ ಪಂಜರ, ತಿರುಗುವಾಗ ಹಕ್ಕಿ ಪಂಜರದೊಳಗೆ ಕೂತಂತೆ ಕಾಣುತ್ತದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಂಥವು ಇದ್ದವು, ಓದಿ ಬಲ್ಲೆ. ಎರಡನೆಯದರ, ತಿರುಗಿಸಿದರೆ ಒಳಗಿನ ಕುದುರೆ ಓಡುವ ಡಬ್ಬಿಯೂ ಸರಿ.

ತಕರಾರು ಮೂರನೆಯದರ ಬಗ್ಗೆ. ಎರಡು ಕಣ್ಣಿಗೆ ಎರಡು ಮಸೂರವಿಟ್ಟು ಜೋಡಿಚಿತ್ರವನ್ನು ಒಂದೇ ಗಟ್ಟಿ ಚಿತ್ರವಾಗಿ ತೋರಿಸುವ ಸ್ಟೀರಿಯೊಸ್ಕೋಪಿನ ಮಾಟ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದರೊಳಗೆ ಸಿಕ್ಕಿಸಿ ನೋಡಲು ಕೊಟ್ಟ ಜೋಡಿಚಿತ್ರದ ಕಾರ್ಡಿನಲ್ಲಿ ಕುರ್ಚಿಯ ಮೇಲೆ ಕೂತ ಹೆಂಗಸಿನ ಎಡಗೈಯಲ್ಲಿ ಕೈಗಡಿಯಾರವಿದೆ. ಗಂಡಸರ ಕೈಗಡಿಯಾರ. ಹಿಂದಿನ ಗೋಡೆಯಲ್ಲಿ ವಿದ್ಯುತ್ ಸ್ವಿಚ್ಚೂ ಇದೆ. ರಾಣಿಯ ಕಾಲದ ಯಾವ ಹೆಂಗಸು ಸ್ವಿಚ್ಚು ಒತ್ತಿ ದೀಪ ಹಾಕುತ್ತಿದ್ದಳು, ಸ್ವಲ್ಪ ತಿಳಿಸುತ್ತೀರಾ? ಜನ ಏನು ಕೊಟ್ಟರೂ ನುಂಗುತ್ತಾರೆ ಎಂದುಕೊಂಡಿದ್ದೀರಿ.

ಇನ್ನೊಂದು ಮಾತು. ನಿಮ್ಮ ಕತೆಯಲ್ಲಿ ಆಕೆಗೆ ‘ವಿಷವಿಟ್ಟ ಹೆಂಡತಿ’ ಎಂದು ಹೆಸರಿಟ್ಟಿದ್ದೀರಿ, ‘ಇದ್ದೂ ಇಲ್ಲದವಳು, ನೆರಳಿನಂತೆ ನಡುಗುವವಳು’ ಎಂದೂ ಬರೆದಿದ್ದೀರಿ. ನನಗೆ ಕಂಡವಳು ನೆರಳಲ್ಲ. ಬಂಡೆಯಂತೆ ಕೂತಿದ್ದಾಳೆ. ಅವಳ ಮುಖದಲ್ಲಿ ವಿಷವೂ ಇಲ್ಲ. ಈ ಚಿತ್ರ ಎಲ್ಲಿಂದ ತಂದಿರಿ? ತಕ್ಷಣ ತಿಳಿಸಿ.

ಇತಿ,
ನಿವೃತ್ತ ಗ್ರಂಥಪಾಲಕಿ

*

ಜೂನ್ 15

ಗೌರವಾನ್ವಿತ ಸಾಕ್ಷಿಯೇ,

ತಮ್ಮ ಪತ್ರ ನನ್ನ ಮೇಜಿಗೆ ಬಂದಾಗ ದೀಪದ ಬತ್ತಿ ತಾನಾಗಿ ಕುಗ್ಗಿತು. ಕೈಗಡಿಯಾರ! ನಮ್ಮ ಅಷ್ಟೂ ಪತ್ತೇದಾರರಲ್ಲಿ ಅದನ್ನು ಗಮನಿಸಿದವರು ತಾವೊಬ್ಬರೇ. ಕಾಲಕ್ಕಿಂತ ಮುಂಚೆ ಹುಟ್ಟಿದ ಗಡಿಯಾರ ಕಾಲ ಮುಗಿದ ಮೇಲೂ ನಿಲ್ಲುವುದಿಲ್ಲ ಎಂಬುದನ್ನು ಮರೆಯಬೇಡಿ.

ಆಕೆ ತಮಗೆ ಬಂಡೆಯಂತೆ ಕಂಡಳೆಂದಿರಿ. ಬೇರೆ ಯಾರಿಗೂ ಹಾಗೆ ಕಂಡಿಲ್ಲ. ಸತ್ತವರು ಕೆಲವರಿಗೆ ಮಾತ್ರ ಗಟ್ಟಿಯಾಗಿ ಕಾಣುತ್ತಾರೆ. ಆಕೆ ತಮಗೆ ಏನನ್ನೋ ಹೇಳಬೇಕೆಂದಿದ್ದಾಳೆ. ಮತ್ತೆ ನೋಡಿ. ಮತ್ತೆ ಬರೆಯಿರಿ.

ತಮ್ಮ ನಂಬಿಕೆಯ,
ಇನ್ಸ್‌ಪೆಕ್ಟರ್ ದುರ್ಬೀನು

*

ಜೂನ್ 22

ಮಂಡಳಿಯವರಿಗೆ,

ನಾನು ದುರ್ಬೀನಿಗೂ ಬರೆದಿಲ್ಲ, ಭೂತಗನ್ನಡಿಗೂ ಬರೆದಿಲ್ಲ. ನಿಮ್ಮಲ್ಲಿ ಸಂಬಳ ತೆಗೆದುಕೊಳ್ಳುವ ಮನುಷ್ಯರು ಯಾರಾದರೂ ಇದ್ದರೆ ಅವರಿಗೆ ಬರೆದಿದ್ದೇನೆ.

ನಮ್ಮ ಬೀದಿಯಲ್ಲಿ ನನ್ನನ್ನು ತಕರಾರಮ್ಮ ಎನ್ನುತ್ತಾರೆ. ನನ್ನ ಬೆನ್ನ ಹಿಂದೆ ಎಂದುಕೊಂಡು ನನ್ನ ಕಿವಿಗೇ ಬೀಳುವಂತೆ ಅನ್ನುತ್ತಾರೆ. ಆ ಹೆಸರಿಗೆ ನನ್ನ ತಕರಾರಿಲ್ಲ. ಕೇಳದೆ ಬಿಟ್ಟಿದ್ದರೆ ಈ ಬೀದಿಗೆ ಚರಂಡಿ ಮುಚ್ಚಳವೂ ಬರುತ್ತಿರಲಿಲ್ಲ. ಹಾಗಾಗಿ ಇನ್ನೊಮ್ಮೆ ಕೇಳುತ್ತೇನೆ: ಆ ಚಿತ್ರ ಎಲ್ಲಿಯದು?

ಸುಮ್ಮನೆ ಕೇಳುತ್ತಿಲ್ಲ. ಗಡಿಯಾರದ ಪಟ್ಟಿ ನೋಡಿ. ಅಂಗಡಿಯದಲ್ಲ. ಗಂಡಸರ ಚರ್ಮದ ಪಟ್ಟಿ ಸಣ್ಣ ಮಣಿಕಟ್ಟಿಗೆ ದೊಡ್ಡದಾಗುತ್ತದೆಂದು ನಡುವೆ ಕತ್ತರಿಸಿ, ಮಡಿಸಿ, ಅಡ್ಡ ಹೊಲಿಗೆ ಹಾಕಿದೆ. ಆ ಹೊಲಿಗೆ ಹಾಕಿದವಳು ನನ್ನ ತಾಯಿ. ಸೂಜಿ ಚರ್ಮಕ್ಕೆ ಇಳಿಯಲಿಲ್ಲವೆಂದು ಬಾಗಿಲ ಸಂದಿಗೆ ಒತ್ತಿ ತಳ್ಳಿದ್ದು ನನ್ನ ಕಣ್ಣ ಮುಂದಿದೆ.

ಇಷ್ಟು ಸಾಕು ಎಂದುಕೊಂಡಿದ್ದೇನೆ.

ಇತಿ,
ನಿವೃತ್ತ ಗ್ರಂಥಪಾಲಕಿ

*

ಜುಲೈ 3

ಗೌರವಾನ್ವಿತ ಸಾಕ್ಷಿಯೇ,

ಅದ್ಭುತ! ಇಂಥ ಸಾಕ್ಷಿ ನಮಗೆ ಈವರೆಗೆ ಸಿಕ್ಕಿರಲಿಲ್ಲ. ಹಾಗಾದರೆ ತಮ್ಮ ತಾಯಿಗೂ ಆ ಹೆಂಡತಿಗೂ ಗುಟ್ಟಿನ ಸಂಬಂಧವಿತ್ತು. ಪಟ್ಟಿಯ ಮಡಿಕೆಯೊಳಗೆ ಏನನ್ನು ಹೊಲಿದು ಬಚ್ಚಿಟ್ಟರು? ಚಿಟಿಕೆ ಪುಡಿಯನ್ನೇ? ವಿಷ ಆ ಮನೆಯೊಳಗೆ ಹೇಗೆ ಬಂತೆಂಬ ಪ್ರಶ್ನೆಗೆ ತಾವು ಉತ್ತರ ಕೊಟ್ಟಿದ್ದೀರಿ. ತಮ್ಮ ತಾಯಿಯನ್ನು ವಿಚಾರಣೆಗೆ ಕರೆತರಲು ಸಾಧ್ಯವೇ?

ಇದರೊಂದಿಗೆ ‘ಉತ್ತಮ ಸಾಕ್ಷಿ’ ಪದಕವನ್ನೂ, ನಾಲ್ಕನೆಯ ಪೆಟ್ಟಿಗೆಗೆ ಮುಂಚಿತವಾಗಿ ಒಂದು ಬಣ್ಣದ ಗಾಜನ್ನೂ ಕಳಿಸಿದ್ದೇನೆ. ಆ ಗಾಜಿನ ಮೂಲಕ ನೋಡಿ. ಆಕೆಯ ತುಟಿ ಅಲ್ಲಾಡಬಹುದು.

ಇನ್ಸ್‌ಪೆಕ್ಟರ್ ದುರ್ಬೀನು

*

ಜುಲೈ 10

ಅವಳು ನನ್ನ ಅಕ್ಕ.

ನೀವು ವಿಷವಿಟ್ಟವಳು ಎಂದಿರಿ. ನಮ್ಮ ಊರಿನವರು ಓಡಿಹೋದವಳು ಎಂದರು, ಕೆಲವರು ಕೆರೆ ಪಾಲಾದಳು ಎಂದರು. ನಮ್ಮ ಮನೆಯಲ್ಲಿ ಏನೂ ಅನ್ನಲಿಲ್ಲ. ನಾನು ಎರಡನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಅಪ್ಪನ ಫೋಟೋ ಸ್ಟುಡಿಯೋಕ್ಕೆ ಹೋದವಳು ಮನೆಗೆ ಬರಲಿಲ್ಲ. ಅಪ್ಪ ಒಬ್ಬರೇ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರು. ಅಮ್ಮ “ಅವಳೆಲ್ಲಿ?” ಎಂದಳು. “ಇನ್ಮೇಲೆ ಆ ಮಾತು ಈ ಮನೇಲಿ ಬೇಡ,” ಎಂದರು ಅಪ್ಪ. ಅಷ್ಟೇ. ಅವಳ ಚಿತ್ರಗಳೆಲ್ಲ ಗೋಡೆಯಿಂದ ಇಳಿದವು. ಸತ್ತವರ ಸಾಲಿನಲ್ಲೂ ಅವಳಿಗೆ ಜಾಗವಿರಲಿಲ್ಲ, ಬದುಕಿರುವವರ ಸಾಲಿನಲ್ಲೂ ಇರಲಿಲ್ಲ. ಅವಳ ಮುಖ ನನಗೆ ಮರೆತೇಹೋಗಿತ್ತು. ಅದನ್ನು ನೀವು ಮಸೂರದ ಹಿಂದಿಟ್ಟು, ಹಿತ್ತಾಳೆಯ ಹಿಡಿ ಹಾಕಿ, ನನ್ನ ಮನೆ ಬಾಗಿಲಿಗೇ ಕಳಿಸಿದ್ದೀರಿ. ಜೊತೆಗೆ ಪದಕ.

ಊರ ಬಾಯಿಗೆ ಬಿದ್ದವಳನ್ನು ಮತ್ತೆ ಎಷ್ಟು ಮನೆಗಳ ಬಾಯಿಗೆ ಹಾಕಿದ್ದೀರಿ? ಅವಳು ಯಾರಿಗೂ ವಿಷವಿಟ್ಟವಳಲ್ಲ ಎಂದು ಆ ಎಲ್ಲ ಮನೆಗಳಿಗೂ ನೀವು ಬರೆದು ತಿಳಿಸಬೇಕು. ಅದಾಗುವವರೆಗೆ ನಾನು ಬಿಡುವುದಿಲ್ಲ. ಬಿಡುವವಳಲ್ಲ ಎಂಬುದನ್ನು ನಗರಸಭೆಯವರನ್ನು ಕೇಳಿ ತಿಳಿದುಕೊಳ್ಳಿ.

ಪದಕ ವಾಪಸು ಕಳಿಸಿದ್ದೇನೆ.

*

ಆಗಸ್ಟ್ 9

ಅಮ್ಮಾ,

ನನ್ನ ಕೈಬರಹ ಕೆಟ್ಟದಾಗಿದೆ, ಕ್ಷಮಿಸಿ. ನಾನು ದುರ್ಬೀನು. ಅಂದರೆ ಕತೆ ಬರೆಯುವವಳು, ದುರ್ಬೀನಿನ ಹೆಸರಿನಲ್ಲಿ ಉತ್ತರ ಬರೆಯುವವಳೂ ನಾನೇ.

ನಮ್ಮಲ್ಲಿ ಒಂದು ನಿಯಮವಿದೆ. ಆಡುವವರು ಏನು ಬರೆದರೂ ಪಾತ್ರ ಬಿಟ್ಟು ಉತ್ತರಿಸಬಾರದು. ಎಷ್ಟೋ ಜನ ತಾವೇ ಸತ್ತವರ ಸೋದರಮಾವ, ತಾವೇ ಕೊಲೆಗಾರರು ಎಂದೆಲ್ಲ ಬರೆಯುತ್ತಾರೆ. ಒಬ್ಬರು ವಕೀಲರ ನೋಟೀಸನ್ನೂ ಆಟಕ್ಕೆಂದೇ ಕಳಿಸಿದ್ದರು. ನಿಮ್ಮ ಪತ್ರ ಓದಿ ನಾವು “ಈ ಅಜ್ಜಿ ಎಷ್ಟು ಚೆನ್ನಾಗಿ ಆಡ್ತಾರೆ ನೋಡ್ರೇ” ಎಂದು ಒಬ್ಬರಿಗೊಬ್ಬರು ಓದಿ ಹೇಳಿದೆವು. ಬಾಗಿಲ ಸಂದಿಗೆ ಸೂಜಿ ಒತ್ತಿದ್ದನ್ನು ಓದಿ ಚಪ್ಪಾಳೆ ತಟ್ಟಿದೆವು. ಪದಕ ವಾಪಸು ಬಂದ ದಿನ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆ ಚಿತ್ರ ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕ, ಹಿಂದೆ ಫಿಲಂ ಬದಲು ಫೋಟೋಗೆ ಬಳಸುತ್ತಿದ್ದ ಗಾಜಿನ ಪ್ಲೇಟು. ಮರದ ಪೆಟ್ಟಿಗೆಗಳಲ್ಲಿ ರಾಶಿ ಇತ್ತು. ಮಾರುವವನು, “ತೊಳೆದ್ರೆ ಒಳ್ಳೇ ಗಾಜು ಮೇಡಂ, ಫೋಟೋ ಫ್ರೇಮಿಗೆ ಆಗುತ್ತೆ,” ಎಂದ. ಅದರಲ್ಲಿ ನಾನು ಆರಿಸಿದ್ದು ಇದೊಂದನ್ನೇ. ಯಾಕೆ ಎಂದು ಹೇಳಿದರೆ ನಿಮಗೆ ಆಶ್ಚರ್ಯವಾಗಬಹುದು.

ನಿಮಗೆ ನಿಮ್ಮ ಅಕ್ಕ ಗಟ್ಟಿಯಾಗಿ ಕಾಣುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ಜೋಡಿಚಿತ್ರದ ಎಡಭಾಗದಲ್ಲಿ ಮಾತ್ರ ಅವರಿದ್ದಾರೆ. ಬಲಭಾಗದಲ್ಲಿ ಅದೇ ಕೋಣೆ, ಅದೇ ಕುರ್ಚಿ, ಕುರ್ಚಿ ಖಾಲಿ. ಎರಡು ಕಣ್ಣಿನಿಂದ ನೋಡುವವರಿಗೆ ಒಂದು ಕಣ್ಣು ‘ಇದ್ದಾಳೆ’ ಅನ್ನುತ್ತದೆ, ಇನ್ನೊಂದು ‘ಇಲ್ಲ’ ಅನ್ನುತ್ತದೆ. ಅದಕ್ಕೇ ಅವರು ನಡುಗುತ್ತಾರೆ, ಕುರ್ಚಿಯ ಬೆನ್ನು ಅವರ ಎದೆಯ ಮೂಲಕ ಕಾಣುತ್ತದೆ. ನಾನದನ್ನು ದೆವ್ವದ ಆಟಕ್ಕೆ ಬಳಸಿಕೊಂಡೆ. ನಿಮ್ಮ ಬಲಗಣ್ಣಿಗೆ ಏನಾದರೂ ತೊಂದರೆ ಇದೆಯೇ ಅಮ್ಮಾ?

ನಿಮ್ಮ ಪತ್ರ ಬಂದ ಮೇಲೆ ಪ್ಲೇಟನ್ನು ಕಿಟಕಿಗೆ ಹಿಡಿದು ಮತ್ತೆ ನೋಡಿದೆ. ಬಲಭಾಗದ ಖಾಲಿ ಕುರ್ಚಿಯ ಮೇಲೆ ಒಂದು ವಸ್ತುವಿದೆ. ನಾನು ಇಷ್ಟು ದಿನ ಗಾಜಿನ ಮೇಲಿನ ಕಲೆ ಎಂದುಕೊಂಡಿದ್ದೆ. ಅದು ಕೈಗಡಿಯಾರ.

ಕೊನೆಯ ಪೆಟ್ಟಿಗೆಯ ಕಾಗದಗಳು ಅಚ್ಚಾಗಿವೆ. ಅದರಲ್ಲಿ ನಿಮ್ಮ ಅಕ್ಕನೇ ಕೊಲೆಗಾರ್ತಿ. ನಮ್ಮ ಯಜಮಾನರಿಗೆ ಹೇಳಿದೆ. “ಪಾತ್ರಕ್ಕೆ ಮನೆಯವರು ಇರ್ತಾರೇನಮ್ಮಾ?” ಎಂದರು. ಇನ್ನೊಮ್ಮೆ ಕೇಳುತ್ತೇನೆ.

ಕತೆ ಬರೆಯುವವಳು

*

ಆಗಸ್ಟ್ 17

ಕತೆ ಬರೆಯುವವಳಿಗೆ,

ನಿನ್ನ ಕೈಬರಹ ಕೆಟ್ಟದಾಗಿಯೇ ಇದೆ. ದುರ್ಬೀನಿನ ಅಚ್ಚಿನ ಅಕ್ಷರಕ್ಕಿಂತ ವಾಸಿ.

ನನ್ನ ಬಲಗಣ್ಣಿಗೆ ಪೊರೆ ಬಂದು ಮಂಜು ಮುಚ್ಚಿದ ಕಿಟಕಿಯಾಗಿದೆ. ಡಾಕ್ಟರು ತೆಗೆಸಿಬಿಡಿ ಎನ್ನುತ್ತಾರೆ, ನಾನು ಮುಂದೂಡುತ್ತ ಬಂದಿದ್ದೇನೆ. ಕಾರ್ಡು ಬರಿಗಣ್ಣಿಗೆ ನನಗೆ ಬರೀ ಕಂದು ಮಚ್ಚೆ, ಹಾಗಾಗಿ ಮಸೂರದಲ್ಲೇ ನೋಡಿದ್ದೆ. ನಿನ್ನ ಪತ್ರ ಬಂದ ಮೇಲೆ ಭೂತಗನ್ನಡಿ ತೆಗೆದು ಬಲಭಾಗವನ್ನು ಎಡಗಣ್ಣಿನಿಂದ ನೋಡಿದೆ. ನೀನು ಹೇಳಿದ್ದು ನಿಜ. ಕುರ್ಚಿ ಇದೆ. ಗಡಿಯಾರ ಇದೆ.

ಅದನ್ನು ನೋಡಿ ನೀನು ಏನೆಂದುಕೊಂಡೆಯೋ ಗೊತ್ತಿಲ್ಲ. ನನಗೇನಾಯಿತು ಎಂದು ಹೇಳುತ್ತೇನೆ.

ಅಪ್ಪನ ಹತ್ತಿರ ಎರಡು ಕಣ್ಣಿನ ಕ್ಯಾಮೆರಾ ಇರಲಿಲ್ಲ. ಒಂದೇ ಕ್ಯಾಮೆರಾ, ಅದರಡಿ ಒಂದು ಜಾರುವ ಹಲಗೆ. ಒಂದು ಚಿತ್ರ ತೆಗೆದು, ಹಲಗೆಯನ್ನು ಪಕ್ಕಕ್ಕೆ ಸರಿಸಿ, ಪ್ಲೇಟಿನ ಇನ್ನೊಂದು ಅರ್ಧ ತೆರೆದು ಎರಡನೆಯದನ್ನು ತೆಗೆಯಬೇಕು. ಅಷ್ಟು ಹೊತ್ತು ಕೂತವರು ಕಲ್ಲಿನಂತಿರಬೇಕು. ಹಲಗೆ ಸರಿಸುವಾಗ ಅಪ್ಪ ತಲೆ ಬಗ್ಗಿಸಿಕೊಂಡೇ ಹೇಳುತ್ತಿದ್ದರು: “ಅಲ್ಲಾಡಬೇಡ, ಇನ್ನೊಂದಿದೆ.” ಗಿರಾಕಿಗಳಿಗೆ ಆ ಪಾಡು ಬೇಡವಾಗಿತ್ತು, ಜೋಡಿಚಿತ್ರದ ಕಾಲ ಆಗಲೇ ಮುಗಿದಿತ್ತು. ಆದರೆ ಅಪ್ಪನಿಗೆ ಅದರ ಹುಚ್ಚು ಬಿಟ್ಟಿರಲಿಲ್ಲ. ಅಷ್ಟು ಹೊತ್ತು ಕದಲದೆ ಕೂರುವವಳು ಅಕ್ಕ ಒಬ್ಬಳೇ. ನಾನು ಕೂತರೆ ಮೂಗು ಕೆರೆಯುತ್ತಿದ್ದೆ. “ಇವಳು ಕೋತಿ, ಅವಳು ಗೊಂಬೆ,” ಎನ್ನುತ್ತಿದ್ದರು. ಅಕ್ಕ ಹತ್ತನೇ ತರಗತಿ ಪಾಸಾದಾಗ ತಮ್ಮ ಕೈಯ ಗಡಿಯಾರವನ್ನೇ ಬಿಚ್ಚಿ ಕೊಟ್ಟರು. ಆಮೇಲೆ ಅವಳು ಮುಂದೆ ಓದುತ್ತೇನೆ ಎಂದಳು, ಅಪ್ಪ ಮದುವೆ ಗೊತ್ತುಮಾಡಿದ್ದೇನೆ ಎಂದರು. ಅದರಾಚೆಗಿನದು ನನಗೆ ಯಾರೂ ಹೇಳಲಿಲ್ಲ.

ಅಪ್ಪ ತೀರಿಕೊಂಡ ದಿನ ಅವರ ಒಳಜೇಬಿನಲ್ಲಿ ಆ ಗಡಿಯಾರ ಸಿಕ್ಕಿತು. ಅದೇ ಅಡ್ಡ ಹೊಲಿಗೆ. ಅದು ಓಡುತ್ತಿತ್ತು. ಅಕ್ಕನ ಕೈಯಿಂದ ಕಿತ್ತುಕೊಂಡು ಅವಳನ್ನು ಬೀದಿಗೆ ತಳ್ಳಿದ್ದಾರೆ ಎಂದು ಆ ಕ್ಷಣ ನಾನು ತೀರ್ಪು ಕೊಟ್ಟೆ. ಆ ತೀರ್ಪಿಗೆ ಮೇಲ್ಮನವಿ ಇಲ್ಲ ಎಂದುಕೊಂಡೇ ಇಷ್ಟು ವರ್ಷ ಬದುಕಿದ್ದೇನೆ. ಈಗ ನೋಡಿದರೆ ಯಾರೂ ಕಿತ್ತುಕೊಂಡಿಲ್ಲ. ಅವಳೇ ಬಿಚ್ಚಿ, ಕುರ್ಚಿಯ ಮೇಲಿಟ್ಟು, ಎದ್ದು ಹೋಗಿದ್ದಾಳೆ, ಆ ಮನುಷ್ಯ ತಲೆ ಬಗ್ಗಿಸಿ ಇನ್ನೊಂದಿದೆ ಎನ್ನುತ್ತಿರುವಾಗಲೇ. ಅವರು ತಲೆಯೆತ್ತಿ ನೋಡಿದ ಮೇಲೆ ಎರಡನೆಯ ಚಿತ್ರಕ್ಕೆ ಕ್ಯಾಮೆರಾದ ಮುಚ್ಚಳ ತೆಗೆದರೋ, ನೋಡದೆಯೇ ತೆಗೆದರೋ? ಅದೊಂದು ಗೊತ್ತಾಗುತ್ತಿಲ್ಲ. ಅದೇ ಮನಸ್ಸನ್ನು ಕೊರೆಯುತ್ತಿದೆ.

ಅಪ್ಪನ ಪ್ಲೇಟುಗಳನ್ನು ನನ್ನ ತಮ್ಮ ಗುಜರಿಗೆ ಹಾಕಿದ್ದ. ಉಳಿದ ಪೆಟ್ಟಿಗೆಗಳನ್ನು ನೋಡಲು ಸಾಧ್ಯವೇ? ಅವಳ ಇನ್ನೊಂದಾದರೂ ಚಿತ್ರ ಇದ್ದೀತು.

ತಕರಾರಮ್ಮ

ವಿಷದ ಮಾತು ನಾನು ಮರೆತಿಲ್ಲ. ನಿನ್ನ ಯಜಮಾನರಿಗೆ ಹೇಳು, ಪಾತ್ರಕ್ಕೂ ಮನೆಯವರು ಇರುತ್ತಾರೆ. ಬೇಕಾದರೆ ಬಂದು ಅವರ ಮೇಜಿನ ಮುಂದೆ ಕೂರುತ್ತೇನೆ. ಈಗ ಕದಲದೆ ಕೂರುವುದು ನನಗೂ ಬರುತ್ತದೆ.

*

ಸೆಪ್ಟೆಂಬರ್ 28

ಅಮ್ಮಾ,

ಇಷ್ಟು ದಿನ ಬರೆಯದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಸಂತೆಯವನನ್ನು ಹುಡುಕುವುದೇ ಒಂದು ಪತ್ತೇದಾರಿಯಾಯಿತು. ಅರ್ಧದಷ್ಟು ಪ್ಲೇಟು ಆಗಲೇ ತೊಳೆದು ಮಾರಿದ್ದ. “ಮನುಷ್ಯರ ಮುಖ ಇರೋವೆಲ್ಲ ಮೊದ್ಲು ತೊಳೀತೀವಿ ಮೇಡಂ, ನೋಡ್ತಾ ಕೂತ್ರೆ ಕೈ ಬರಲ್ಲ. ಇವುಗಳಲ್ಲಿ ಯಾರೂ ಇಲ್ಲ, ಆಮೇಲೆ ತೊಳೆಯೋಣ ಅಂತ ಬಿಟ್ಟಿದ್ದೆ,” ಎಂದ.

ನಿರಾಸೆಯ ಸುದ್ದಿ. ಅಕ್ಕನ ಚಿತ್ರ ಮತ್ತೊಂದಿಲ್ಲ. ಉಳಿದಿರುವುದೆಲ್ಲ ಜೋಡಿಚಿತ್ರಗಳೇ, ಎಲ್ಲದರಲ್ಲೂ ಅದೇ ಕುರ್ಚಿ, ಎರಡೂ ಬದಿಯಲ್ಲಿ ಖಾಲಿ. ಬೆಳಕು ಪರೀಕ್ಷೆ ಮಾಡಲು ತೆಗೆದದ್ದಿರಬೇಕು. ಕುರ್ಚಿಯ ಮೇಲೆ ಪ್ರತಿ ಸಲ ಆ ಗಡಿಯಾರ ಇಟ್ಟಿದ್ದಾರೆ. ಹೊಳೆಯುವ ವಸ್ತು ಇಟ್ಟರೆ ಬೆಳಕು ಸರಿಯಾಗಿ ತಿಳಿಯುತ್ತದೆ ಎಂದು ನಮ್ಮ ಫೋಟೋಗ್ರಾಫರ್ ಹೇಳಿದ. ಬಹಳ ವರ್ಷ ಹೀಗೆ ಪರೀಕ್ಷೆ ಮಾಡಿದ್ದಾರೆ. ಒಂದರಲ್ಲಿ ಪರದೆ ಹೊಸದು, ಮುಂದೆ ಅದೇ ಪರದೆ ಬಣ್ಣಗೆಟ್ಟಿದೆ, ಆಮೇಲೆ ಹರಿದಿದೆ. ಗೋಡೆಯ ಸುಣ್ಣ ಉದುರಿದೆ. ಕೊನೆಯವುಗಳಲ್ಲಿ ಕ್ಯಾಮೆರಾ ನಡುಗಿ ಕುರ್ಚಿ ಮಸುಕಾಗಿದೆ, ಕೈ ಗಟ್ಟಿಯಿರಲಿಲ್ಲವೋ ಏನೋ. ನಿಮಗೆ ಇವು ಉಪಯೋಗಕ್ಕೆ ಬಾರದಿದ್ದರೂ ನಿಮ್ಮ ತಂದೆಯವರ ಕೈಕೆಲಸವೆಂದು ಎಲ್ಲವನ್ನೂ ಕಾರ್ಡು ಮಾಡಿ ಕಳಿಸಿದ್ದೇನೆ. ಗಾಜಿನ ಪ್ಲೇಟುಗಳು ನನ್ನ ಹತ್ತಿರ ಭದ್ರವಾಗಿವೆ. ತೊಳೆಯಲು ಬಿಡುವುದಿಲ್ಲ.

ಕೊನೆಯ ಪೆಟ್ಟಿಗೆ ಎಲ್ಲರಿಗೂ ಹೋಗಿದೆ. ನಿಮ್ಮದು ಬಂದಾಗ ದಯವಿಟ್ಟು ತೆರೆದು ಓದಿ.

ಇನ್ನು ಮುಂದೆ ಬರೆಯುವುದಾದರೆ ಲಕೋಟೆಯ ಹಿಂದಿರುವ ವಿಳಾಸಕ್ಕೆ ಬರೆಯಿರಿ.

ಕತೆಯವಳು

*

ಅಕ್ಟೋಬರ್ 20

ಮಗಳೇ,

ಲಕೋಟೆಯ ಹಿಂದಿರುವುದು ಮನೆಯ ವಿಳಾಸ. ಮಂಡಳಿಯ ಮುದ್ರೆಯೂ ಇಲ್ಲ. ಕೆಲಸ ಹೋದದ್ದರ ಬಗ್ಗೆ ನೀನು ಒಂದು ಅಕ್ಷರ ಬರೆದಿಲ್ಲ. ಅಷ್ಟು ಓದಲಾರದ ಮುದುಕಿಯಲ್ಲ ನಾನು.

ಕೊನೆಯ ಪೆಟ್ಟಿಗೆಯನ್ನು ತಮ್ಮನ ಮಗಳು ಬಂದು ತೆರೆದಳು. ಇನ್ಸ್‌ಪೆಕ್ಟರನ ವರದಿಯನ್ನು ನಾಟಕದವರಂತೆ ಗಟ್ಟಿಯಾಗಿ ಓದತೊಡಗಿದವಳು ಕೊನೆಗೆ ಬರುವಷ್ಟರಲ್ಲಿ ದನಿ ಇಳಿಸಿದಳು. “ನಾನು ತಪ್ಪು ಹೆಂಗಸನ್ನು ಹಿಂಬಾಲಿಸಿದೆ. ಈಕೆ ಯಾರಿಗೂ ವಿಷವಿಟ್ಟವಳಲ್ಲ. ಈಕೆ ಎದ್ದು ಹೋದವಳು. ಹಕ್ಕಿ ಪಂಜರದೊಳಗೆ ಎಂದೂ ಇರಲಿಲ್ಲ. ತಿರುಗಿಸಿದ್ದು ನಮ್ಮ ಕೈ.” ಅಚ್ಚಾದ ಹಾಳೆಯ ಮೇಲೆ ಬೇರೆ ಹಾಳೆ ಅಂಟಿಸಿದ್ದೀಯ. ಅಂಚು ಸ್ವಲ್ಪ ಎದ್ದಿದೆ. ಎಷ್ಟು ಪೆಟ್ಟಿಗೆಗೆ ಕೂತು ಅಂಟಿಸಿದೆಯೋ!

“ಇದೇನತ್ತೆ, ಕೊಲೆಗಾರ ಸಿಗಲೇ ಇಲ್ಲ? ಹಣ ದಂಡ,” ಎಂದಳು ಹುಡುಗಿ. “ಅವಳು ನಿನ್ನ ದೊಡ್ಡತ್ತೆ ಕಣೇ,” ಎಂದೆ. ಆ ಮಾತು ಈ ವಂಶದಲ್ಲಿ ಮೊದಲ ಸಲ ಬಾಯಿಬಿಟ್ಟು ಆಡಿದ್ದು ನಾನೇ ಇರಬೇಕು. ಅವಳು ಸ್ಟೀರಿಯೊಸ್ಕೋಪನ್ನು ಕಣ್ಣಿಗಿಟ್ಟುಕೊಂಡು ಬಹಳ ಹೊತ್ತು ತೆಗೆಯಲಿಲ್ಲ.

ಈಗ ಖಾಲಿ ಕುರ್ಚಿಗಳ ಮಾತು. ನೀನು ಬೆಳಕಿನ ಪರೀಕ್ಷೆ ಎಂದೆ. ನಿನಗೆ ಹೇಗೆ ತಿಳಿಯಬೇಕು? ಒಂದು ಸಂಗತಿ ನಾನು ನಿನಗೆ ಬರೆದಿರಲಿಲ್ಲ. ಬರೆದರೆ ನನ್ನ ತಲೆ ಸರಿಯಿಲ್ಲ ಎಂದುಕೊಳ್ಳುತ್ತೀಯ ಎಂಬ ಅಂಜಿಕೆ.

ಅಕ್ಕ ಹೋದ ಮೇಲೆ ಅಪ್ಪ ರಜೆಯ ದಿನ ಸ್ಟುಡಿಯೋಕ್ಕೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಒಂದು ಸಲ ಅಮ್ಮ ನನ್ನ ಕೈಯಲ್ಲಿ ಊಟದ ಡಬ್ಬಿ ಕೊಟ್ಟು ಕಳಿಸಿದ್ದಳು. ಬಾಗಿಲ ಹೊರಗೆ ನಿಂತೆ. ಒಳಗೆ ಅಪ್ಪನ ದನಿ. ಗಿರಾಕಿಗಳ ಜೊತೆ ಆಡುವ ದನಿಯಲ್ಲ, ಮೆತ್ತಗಿನ ದನಿ. “ಅಲ್ಲಾಡಬೇಡ, ಇನ್ನೊಂದಿದೆ.” ಆಮೇಲೆ ಹಲಗೆ ಸರಿದ ಸದ್ದು. ನಾನು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಓಡಿದೆ. ಅಕ್ಕ ಒಳಗೇ ಇದ್ದಾಳೆ, ಅಪ್ಪ ಅವಳನ್ನು ಒಳಗೆ ಕೂಡಿಹಾಕಿದ್ದಾರೆ ಎಂದು ನಂಬಿದೆ. ದೊಡ್ಡವಳಾದ ಮೇಲೆ ಆ ನಂಬಿಕೆ ಹೋಯಿತು, ದನಿ ಹೋಗಲಿಲ್ಲ. ಗ್ರಂಥಾಲಯದಲ್ಲಿ ಎಲ್ಲರೂ ಹೋದ ಮೇಲೆ ಬಾಗಿಲು ಹಾಕುವಾಗ ಕಪಾಟುಗಳ ಹಿಂದಿನಿಂದ ಕೇಳುತ್ತಿತ್ತು. ಈಗಲೂ ಅಡುಗೆಮನೆಯಲ್ಲಿ ಕೇಳುತ್ತದೆ.

ನೀನು ಕಳಿಸಿದ ಕಾರ್ಡುಗಳನ್ನು ಪರದೆ ಹೊಸದಿರುವುದರಿಂದ ಹರಿದಿರುವವರೆಗೆ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹೆಸರೆತ್ತಬೇಡ ಎಂದ ಮನುಷ್ಯ, ಕೈ ನಡುಗುವ ವಯಸ್ಸಿನವರೆಗೂ ಬಾಗಿಲಿಗೆ ಚಿಲಕ ಹಾಕಿಕೊಂಡು, ಗಡಿಯಾರಕ್ಕೆ ಕೀ ಕೊಟ್ಟು, ಅದನ್ನು ಕುರ್ಚಿಯ ಮೇಲಿಟ್ಟು, ಇಲ್ಲದವಳಿಗೆ ಅಲ್ಲಾಡಬೇಡ ಎನ್ನುತ್ತಿದ್ದರು. ಮೊದಲ ಸಲ ನೋಡಿ ಮುಚ್ಚಳ ತೆಗೆದರೋ ನೋಡದೆ ತೆಗೆದರೋ ಎಂದು ನಿನ್ನನ್ನು ಕೇಳಿದ್ದೆ. ಈಗ ಆ ಪ್ರಶ್ನೆ ಉಳಿದಿಲ್ಲ. ಕೋಪ ಉಳಿದಿದೆ. ಬೀದಿಗೆ ಬಂದು ಹುಡುಕುವ ಬದಲು ಕೋಣೆಯೊಳಗೆ ಕೂತು ಕುರ್ಚಿಯನ್ನು ಕಾದರಲ್ಲ, ಅದಕ್ಕೆ. ಆದರೆ ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದ ಕೋಪ ಅದಲ್ಲ.

ಹೋದ ವಾರ ಪೊರೆ ತೆಗೆಸಿಕೊಂಡೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು, “ಏನಮ್ಮಾ, ಈಗ ಜಗತ್ತು ಹೇಗಿದೆ?” ಎಂದರು. “ಧೂಳು ಜಾಸ್ತಿ ಇದೆ, ನಿಮ್ಮ ಆಸ್ಪತ್ರೆ ಕಿಟಕಿ ಒರೆಸಿಸಿ,” ಎಂದೆ. ಮನೆಗೆ ಬಂದು, ತಡೆಯಲಾರದೆ, ಅಕ್ಕನ ಕಾರ್ಡು ಸಿಕ್ಕಿಸಿ ಎರಡೂ ಕಣ್ಣಿನಿಂದ ನೋಡಿದೆ.

ಬಂಡೆಯಂತೆ ಕೂತಿದ್ದವಳು ನಡುಗಿದಳು. ಒಮ್ಮೆ ಇದ್ದಳು, ಒಮ್ಮೆ ಇರಲಿಲ್ಲ. ಅವಳ ಎದೆಯ ಮೂಲಕ ಕುರ್ಚಿಯ ಬೆನ್ನು ಕಂಡಿತು, ಮಡಿಲಿನಲ್ಲಿ ಗಡಿಯಾರ ತೇಲಿತು. ಉಳಿದವರೆಲ್ಲ ಇಷ್ಟು ದಿನ ಕಂಡವಳು ಇವಳೇ ಇರಬೇಕು. ಎಡಗಣ್ಣು ಮುಚ್ಚಿದೆ, ಕುರ್ಚಿ ಮಾತ್ರ ಉಳಿಯಿತು. ಅಪ್ಪ ಸಾಯುವವರೆಗೆ ನೋಡಿದ್ದು ಅದನ್ನೇ. ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದೆ, ಅವಳು ಬಂದು ಕೂತಳು.

ಮತ್ತೆ ಎರಡೂ ಕಣ್ಣು ತೆರೆಯುವ ಮೊದಲು ನನ್ನ ಬಾಯಿಂದ ತಾನಾಗಿ ಬಂತು, ಅಪ್ಪನದೇ ದನಿಯಲ್ಲಿ: “ಅಲ್ಲಾಡಬೇಡ.” ಉಳಿದರ್ಧವನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ಏಳುತ್ತಿದ್ದಳು.

ಅವಳ ತಂಗಿ